ಕಮಿಷನ್ ಒಪ್ಪದ ಸರ್ಜನ್ ತಂದ ಪರೀಕ್ಷೆ

ಆಪರೇಷನ್ ಅಂದ ಕೂಡಲೇ ನಾವು ಡಾಕ್ಟರ ಹೆಸರಿನ ಮುಂದಿರುವ ಡಿಗ್ರಿ ನೋಡ್ತೀವಿ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಹಾಗೆ ನೋಡಿದರೂ ಏನೂ ತಿಳಿಯುತ್ತಿರಲಿಲ್ಲ. ವೈದ್ಯಕೀಯ ಲೈಸೆನ್ಸ್ ಇದ್ದರೆ ಸಾಕು, ಯಾರು ಬೇಕಾದರೂ ಸರ್ಜನ್ ಅಂತ ಬೋರ್ಡ್ ಹಾಕಿಕೊಂಡು ಹೊಟ್ಟೆ ಕೊಯ್ಯಬಹುದಿತ್ತು. ಅಂಗಡಿಯ ತೂಕದ ಕಲ್ಲಿಗೂ ಮುದ್ರೆ ಬೇಕು, ಇವರಿಗೆ ಬೇಡವಾಗಿತ್ತು! ಇದನ್ನು ಬದಲಿಸಲು ಮುಂದೆ ನಿಂತವರು ಡಾ. ಎವಾರ್ಟ್ಸ್ ಗ್ರಹಾಂ.

1883ರಲ್ಲಿ ಶಿಕಾಗೋದಲ್ಲಿ ಹುಟ್ಟಿದರು. ತಂದೆಯೂ ಸರ್ಜನ್. ಓದು ಮುಗಿಸಿ 1915ರ ಹೊತ್ತಿಗೆ ಅಯೋವಾ ರಾಜ್ಯದ ಮೇಸನ್ ಸಿಟಿ ಎಂಬ ಊರಿಗೆ ಪ್ರಾಕ್ಟೀಸಿಗೆ ಹೋದರು. ಅಲ್ಲಿ ಕಂಡದ್ದು ಕಮಿಷನ್ ವ್ಯವಹಾರ. ರೋಗಿಯನ್ನು ಕಳಿಸಿಕೊಟ್ಟ ಡಾಕ್ಟರಿಗೆ ಸರ್ಜನ್ ತನ್ನ ಫೀಸಿನಲ್ಲಿ ಗುಟ್ಟಾಗಿ ಪಾಲು ಕೊಡಬೇಕು. ಹೀಗಿರುವಾಗ ಕೈ ಚೆನ್ನಾಗಿರುವವನ ಹತ್ತಿರವೇ ರೋಗಿ ಹೋಗ್ತಾನೆ ಅನ್ನೋ ಖಾತ್ರಿ ಎಲ್ಲಿ? ಜಾಸ್ತಿ ಪಾಲು ಕೊಡುವವನ ಟೇಬಲ್ ಮೇಲೆ ಮಲಗಬೇಕಾಗುತ್ತಿತ್ತು. ಗ್ರಹಾಂ ಇದಕ್ಕೆ ಒಪ್ಪಲಿಲ್ಲ.

1919ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. 1933ರಲ್ಲಿ ಕ್ಯಾನ್ಸರ್ ಆಗಿದ್ದ ಒಬ್ಬ ಡಾಕ್ಟರ ಒಂದು ಕಡೆಯ ಶ್ವಾಸಕೋಶವನ್ನೇ ಪೂರ್ತಿ ತೆಗೆದು ಬದುಕಿಸಿದ ಮೇಲೆ ಅವರ ಮಾತಿಗೆ ತೂಕ ಬಂತು.

ಸರ್ಜನ್‌ಗಳ ಒಂದು ಕಾಲೇಜು 1913ರಿಂದಲೇ ಇತ್ತು. ಆದರೆ ಅದು ಸದಸ್ಯತ್ವ ಕೊಡುವುದರಲ್ಲಿ ಬಹಳ ಸಡಿಲ ಅನ್ನೋದು ಗ್ರಹಾಂ ಮತ್ತು ಅವರ ಓರಗೆಯವರ ದೂರು. 1935ರಲ್ಲಿ ಮಾಂಟ್ರಿಯಲ್‌ನ ಡಾ. ಎಡ್ವರ್ಡ್ ಆರ್ಚಿಬಾಲ್ಡ್ ಸರ್ಜನ್‌ಗಳ ಸಂಘದ ಅಧ್ಯಕ್ಷ ಭಾಷಣದಲ್ಲೇ ಈ ವಿಷಯ ಎತ್ತಿದರು. ಮುಂದೆ ಸಮಿತಿಯಾಯಿತು, ಗ್ರಹಾಂ ಅದರ ಮುಖ್ಯಸ್ಥರಾದರು. 1937ರಲ್ಲಿ ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಹುಟ್ಟಿತು. ಮೊದಲ ಅಧ್ಯಕ್ಷರೂ ಅವರೇ.

ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದವರಿಗೆ ಮಾತ್ರ ಪರೀಕ್ಷೆಗೆ ಕೂರುವ ಅವಕಾಶ. ಮೊದಲು ಲಿಖಿತ ಪರೀಕ್ಷೆ. ಅದರಲ್ಲಿ ಪಾಸಾದರೆ ಮಾತ್ರ ಎರಡನೇ ಹಂತ, ಅಂದರೆ ಪರೀಕ್ಷಕರ ಎದುರು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ರೋಗಿಯನ್ನು ನೋಡಿ ವಿವರಿಸಬೇಕು. ಹೆಸರು ಮಾಡಿದ್ದ ಹಿರಿಯ ಸರ್ಜನ್‌ಗಳಿಗೆ ಮಾತ್ರ ಪರೀಕ್ಷೆ ಇಲ್ಲದೆಯೇ ಸರ್ಟಿಫಿಕೇಟ್ ಸಿಕ್ಕಿತು. ಇದು ರಾಜಿಯೇ ಸರಿ, ಆದರೆ ಅವರನ್ನು ಹೊರಗಿಟ್ಟಿದ್ದರೆ ಬೋರ್ಡ್ ನಿಲ್ಲುತ್ತಿರಲಿಲ್ಲವೇನೋ. ಪಾಸಾಗದವರನ್ನು ಆಪರೇಷನ್ ಮಾಡಬೇಡಿ ಅಂತ ತಡೆಯುವ ಅಧಿಕಾರವೂ ಬೋರ್ಡಿಗೆ ಇರಲಿಲ್ಲ. ಬರಬರುತ್ತಾ ಆಸ್ಪತ್ರೆಗಳೇ ಸರ್ಟಿಫಿಕೇಟ್ ಕೇಳತೊಡಗಿದವು.

ಗ್ರಹಾಂ ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವರು. 1950ರಲ್ಲಿ ಡಾ. ಅರ್ನ್ಸ್ಟ್ ವಿಂಡರ್ ಜೊತೆ ಸೇರಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟರು. ಆಮೇಲೆ ಸೇದುವುದನ್ನು ಬಿಟ್ಟರೂ ಹೊತ್ತು ಮೀರಿತ್ತು. 1957ರ ಮಾರ್ಚ್‌ನಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಅವರು 1933ರಲ್ಲಿ ಬದುಕಿಸಿದ್ದ ಆ ಡಾಕ್ಟರ್ ಆಗಲೂ ಬದುಕಿದ್ದರು.