ಶ್ರಮಕ್ಕೆ ಕಂಚಿನ ರೂಪವಿತ್ತ ದೇವೀಪ್ರಸಾದ ರಾಯ್‌ಚೌಧುರಿ

ಕೊಕ್ಕಡದ ಆಸುಪಾಸಿನ ಗುಡ್ಡಗಳಲ್ಲಿ ತೋಟಕ್ಕೆಂದು ನೆಲವನ್ನು ಹಸನುಗೊಳಿಸುವಾಗ, ಅಡ್ಡಬಂದ ಬಂಡೆಯನ್ನು ನಾಲ್ವರು ಕೂಡಿ ಮೀಟುವ ದೃಶ್ಯವು ನಮಗೆ ಅಪರಿಚಿತವಲ್ಲ. ಅಂತಹುದೇ ಒಂದು ಕ್ಷಣವನ್ನು ಕಂಚಿನಲ್ಲಿ ಚಿರಸ್ಥಾಯಿಯಾಗಿಸಿದವರು ಕೀರ್ತಿಶೇಷ ದೇವೀಪ್ರಸಾದ ರಾಯ್‌ಚೌಧುರಿಯವರು.

1899ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ರಂಗಪುರದ ತಾಜಹಾಟದಲ್ಲಿ, ಜಮೀನ್ದಾರ ಮನೆತನದಲ್ಲಿ ಅವರು ಜನಿಸಿದರು. ಅವನೀಂದ್ರನಾಥ ಠಾಕೂರರಲ್ಲಿ ಚಿತ್ರಕಲೆಯನ್ನೂ ಹಿರಣ್ಮಯ ರಾಯ್‌ಚೌಧುರಿಯವರಲ್ಲಿ ಶಿಲ್ಪವನ್ನೂ ಅಭ್ಯಸಿಸಿದರು. ಕುಸ್ತಿಯಲ್ಲಿ ಪಳಗಿದ ಮೈ, ಕೊಳಲಿನಲ್ಲಿ ಪಳಗಿದ ಕಿವಿ, ಬಂಗಾಳಿಯಲ್ಲಿ ಕಥೆ ಹೆಣೆಯುವ ಲೇಖನಿ ಇವು ಮೂರೂ ಅವರಲ್ಲಿ ಒಂದುಗೂಡಿದ್ದವು.

1850ರಲ್ಲಿ ಆರಂಭವಾದ ಮದರಾಸಿನ ಕಲಾಶಾಲೆಗೆ 1929ರಲ್ಲಿ ಅವರು ಪ್ರಥಮ ಭಾರತೀಯ ಮುಖ್ಯಸ್ಥರಾಗಿ ಬಂದರು. ಸುಮಾರು ಮೂರು ದಶಕಗಳ ಕಾಲ ಅಲ್ಲಿಯೇ ಶಿಷ್ಯರನ್ನು ತಿದ್ದಿದರು. ಕೆ.ಸಿ.ಎಸ್. ಪಣಿಕ್ಕರ್ ಅವರಂತಹ ಕಲಾವಿದರು ಆ ಗರಡಿಯವರೇ. ನಮ್ಮ ಜಿಲ್ಲೆಯು 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ, ಅವರು ನಮ್ಮದೇ ರಾಜಧಾನಿಯ ಗುರುಗಳಾಗಿದ್ದರೆಂದರೆ ತಪ್ಪಾಗದು. 1954ರಲ್ಲಿ ಸ್ಥಾಪಿತವಾದ ಲಲಿತಕಲಾ ಅಕಾಡೆಮಿಗೂ ಅವರೇ ಪ್ರಥಮಾಧ್ಯಕ್ಷರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಅವರನ್ನರಸಿ ಬಂದಿತು.

1942ರ ಆಗಸ್ಟ್ 11ರಂದು ಪಾಟ್ನಾದಲ್ಲಿ ಧ್ವಜವನ್ನೇರಿಸಹೋಗಿ ಗುಂಡಿಗೆ ಬಲಿಯಾದ 7 ವಿದ್ಯಾರ್ಥಿಗಳನ್ನು ಅವರು ಕಂಚಿನಲ್ಲಿ ಕಂಡರಿಸಿದರು. 1959ರಲ್ಲಿ ಮದರಾಸಿನ ಮರೀನಾ ಕಡಲತೀರದಲ್ಲಿ 'ಶ್ರಮದ ವಿಜಯ' ಪ್ರತಿಷ್ಠಾಪಿತವಾಯಿತು. ಅಲ್ಲಿ ಕೌಪೀನಮಾತ್ರಧಾರಿಗಳಾದ ನಾಲ್ವರು ಶ್ರಮಿಕರು ಹೆಬ್ಬಂಡೆಯೊಂದನ್ನು ಕದಲಿಸಲು ಹೆಣಗುತ್ತಿದ್ದಾರೆ. ನರಗಳು ಬಿಗಿದಿವೆ, ಬೆನ್ನುಗಳು ಬಾಗಿವೆ, ಮುಖದಲ್ಲಿ ದೈನ್ಯವಿಲ್ಲ.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಕೃತಿಯ ಹೆಸರು ವಿಜಯವೆಂದಿದ್ದರೂ ಬಂಡೆಯಿನ್ನೂ ಉರುಳಿಲ್ಲ. ಉರುಳಿದ ಮೇಲಿನ ಹರ್ಷವನ್ನು ಶಿಲ್ಪಿಯು ಕಡೆಯಲಿಲ್ಲ. ಕೈಬಿಡದ ಪ್ರಯತ್ನವನ್ನೇ ಗೆಲವೆಂದು ಕರೆದರು. ಆಳಿಸಿಕೊಂಡವರ ಮಗನಾಗಿ ಅಲ್ಲ, ಆಳುವ ಮನೆತನದ ಕುಡಿಯಾಗಿ ಹುಟ್ಟಿಯೂ ಅವರು ಪೀಠದ ಮೇಲೆ ನಿಲ್ಲಿಸಿದ್ದು ಅರಸರನ್ನಲ್ಲ, ಹೆಸರಿಲ್ಲದ ಕೂಲಿಯಾಳುಗಳನ್ನು. ಕಾಯಕಕ್ಕೆ ಹಿರಿಮೆಯಿತ್ತ ಕನ್ನಡನಾಡಿಗೆ ಈ ದೃಷ್ಟಿ ಆಪ್ತವಾದುದು.

1975ರಲ್ಲಿ ದೇವೀಪ್ರಸಾದರು ಕಾಲವಶರಾದರು. ಆ ನಾಲ್ವರು ಇಂದಿಗೂ ಕಡಲಗಾಳಿಯಲ್ಲಿ ಬಂಡೆಗೆ ಹೆಗಲುಕೊಟ್ಟೇ ನಿಂತಿದ್ದಾರೆ. ಮಂದಮತಿಯೆನಿಸಿದ ಬಾಲಕನಿಗೆ ಅಕ್ಷರ ಕಲಿಸುವ ಉಪಾಧ್ಯಾಯರೂ, ಶಾಲೆಯ ಒಂದೊಂದು ಕಲ್ಲಿಗೆ ನೆರವಾದ ದಾನಿಗಳೂ ಅಂತಹ ಬಂಡೆಗೇ ಹೆಗಲುಕೊಟ್ಟವರು. ಅದು ಕದಲುವುದನ್ನು ಕಾಣುವ ಭಾಗ್ಯ ಅನೇಕ ವೇಳೆ ಮುಂದಿನವರಿಗೆ ಮೀಸಲು. ಆದರೂ ಹೆಗಲು ತೆಗೆಯಲಾಗದು.