ಹುಲ್ಲುಗಾವಲಾಗದೆ ಉಳಿದ ನೆಲ

ಮಂಗೋಲರ ಚರಿತ್ರೆಯನ್ನು ಪಾಠ ಹೇಳುವಾಗ ನಾನೂ ಬಹುಕಾಲ ಕುದುರೆಯ ಗೊರಸಿನ ಸದ್ದನ್ನೇ ಕೇಳಿಸುತ್ತ ಬಂದವನು. ಒಂದು ಕಡೆ ಅಲೆಮಾರಿಯ ಬಿಲ್ಲು, ಇನ್ನೊಂದು ಕಡೆ ಒಕ್ಕಲಿಗನ ನೇಗಿಲು. ಚಿತ್ರ ಸುಲಭವಾಗಿತ್ತು. ಯೇಲ್ಯೂ ಚುತ್ಸಾಯ್ ಎಂಬ ಮಂತ್ರಿಯ ಬಾಳನ್ನು ಓದಿದ ಮೇಲೆ ಆ ಚಿತ್ರ ನನ್ನ ಪಾಲಿಗೆ ಕದಡಿಹೋಯಿತು.

ಆತ ಹುಟ್ಟಿದುದು 1190ರಲ್ಲಿ, ಖಿತಾನರ ರಾಜವಂಶದಲ್ಲಿ. ಖಿತಾನರೂ ಮೂಲತಃ ಡೇರೆಯಲ್ಲಿ ಬಾಳಿದ ಪಶುಪಾಲಕರೇ. ಚೀನದ ಉತ್ತರದ ಅಂಚನ್ನು ಗೆದ್ದು, ಲಿಯಾವ್ ಎಂಬ ಹೆಸರಿನಿಂದ ಎರಡು ಶತಮಾನ ಆಳಿ, 1125ರಲ್ಲಿ ಜುರ್ಚೆನರಿಗೆ ಸೋತವರು. ಗೆದ್ದ ಜುರ್ಚೆನರ ಜಿನ್ ಅರಸೊತ್ತಿಗೆಯಲ್ಲಿಯೇ ಚುತ್ಸಾಯನ ತಂದೆ ಉನ್ನತ ಅಧಿಕಾರಿಯಾಗಿದ್ದ. ಮಗ ಕನ್ಫ್ಯೂಷಿಯಸ್ ಪಂಥದ ಗ್ರಂಥಗಳನ್ನು ಓದಿದ. ಜ್ಯೋತಿಷ, ಗಣಿತಗಳನ್ನು ಕಲಿತ. ಬೌದ್ಧ ಗುರುವೊಬ್ಬನಲ್ಲಿ ಧ್ಯಾನಮಾರ್ಗ ಹಿಡಿದ. ಈಗಿನ ಬೀಜಿಂಗಿನ ಬಳಿಯಿದ್ದ ಜಿನ್ ರಾಜಧಾನಿ 1215ರಲ್ಲಿ ಮಂಗೋಲರಿಗೆ ಸೋತಾಗ ಆತ ಊರೊಳಗೇ ಇದ್ದ.

1218ರಲ್ಲಿ ಚೆಂಗೀಸ್ ಖಾನ್ ಅವನನ್ನು ಕರೆಸಿದ. ನಿನ್ನ ಕುಲದ ವೈರಿಗಳನ್ನು ನಾನು ದಂಡಿಸಿದೆನೆಂದು ಖಾನ್ ಹೇಳಿಕೊಂಡಾಗ, ತನ್ನ ತಂದೆ ತಾತಂದಿರು ಜಿನ್ ಅರಸರ ಅನ್ನ ಉಂಡವರು, ಒಡೆಯನನ್ನು ಹಗೆಯೆಂದು ಎಣಿಸುವುದೆಂತೆಂದು ಆತ ಮರುನುಡಿದನಂತೆ. ಹೊಗಳಿಕೆಯನ್ನು ನಿರೀಕ್ಷಿಸಿದ್ದ ಖಾನನಿಗೆ ಈ ಉತ್ತರವೇ ಮೆಚ್ಚಿಗೆಯಾಯಿತು. ಎತ್ತರದ ಆಳು, ನೀಳ ಗಡ್ಡ. ಖಾನ್ ಅವನನ್ನು ಉದ್ದಗಡ್ಡದವನೆಂದೇ ಕರೆಯತೊಡಗಿದ. ಮಧ್ಯ ಏಷ್ಯದ ದಂಡಯಾತ್ರೆಯಲ್ಲಿ ಆತ ಖಾನನ ಜ್ಯೋತಿಷಿಯಾಗಿ ಜೊತೆಗಿದ್ದ.

ನಿಜವಾದ ಪರೀಕ್ಷೆ ಬಂದುದು ಒಗೊದಾಯ್ ಖಾನನ ಕಾಲದಲ್ಲಿ, 1229ರ ನಂತರ. ಗೆದ್ದ ಉತ್ತರ ಚೀನದಿಂದ ಪ್ರಯೋಜನವೇನೆಂದು ಮಂಗೋಲ್ ಸರದಾರರು ಕೇಳಿದರು. ಜನರನ್ನು ತೆರವು ಮಾಡಿ ನೆಲವನ್ನೆಲ್ಲ ಹುಲ್ಲಿಗೆ ಬಿಟ್ಟರೆ ಕುದುರೆಗಾದರೂ ಆದೀತೆಂಬುದು ಅವರ ಸಲಹೆ. ಇದನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಬ್ಬೊಬ್ಬ ಸವಾರನ ಬೆನ್ನಿಗೂ ಹಲವು ಕುದುರೆಗಳು; ಅವನ ಬಲವೆಲ್ಲ ಹುಲ್ಲಿನಲ್ಲಿ. ಮಂದೆ ಕಾಯಲರಿಯದ, ಬಿಲ್ಲೆಳೆಯಲರಿಯದ ಒಕ್ಕಲು ಅವನ ಕಣ್ಣಿಗೆ ನೆಲ ಮುಚ್ಚಿದ ಕಳೆ.

ಚುತ್ಸಾಯ್ ದಯೆಯ ಮಾತೆತ್ತಲಿಲ್ಲ, ಲೆಕ್ಕ ಮುಂದಿಟ್ಟ. ಭೂಮಿ, ವ್ಯಾಪಾರ, ಮದ್ಯ, ಉಪ್ಪು, ಕಬ್ಬಿಣಗಳ ಮೇಲೆ ನ್ಯಾಯವಾದ ತೆರಿಗೆ ಹಾಕಿದರೆ ವರ್ಷಕ್ಕೆ 5 ಲಕ್ಷ ಔನ್ಸು ಬೆಳ್ಳಿ, 80,000 ಥಾನು ರೇಷ್ಮೆ, ಚೀನೀ ಅಳತೆಯಲ್ಲಿ 4 ಲಕ್ಷ ಷಿ ಧಾನ್ಯ ಬರುವುದೆಂದ. 1230ರಲ್ಲಿ ಹತ್ತು ಕಂದಾಯ ಕಚೇರಿಗಳಾದುವು, ವಿದ್ವಾಂಸರೇ ಅಧಿಕಾರಿಗಳು. ಮರುವರ್ಷ ಹೇಳಿದಷ್ಟೂ ಖಾನನ ಮುಂದೆ ಬಂದು ಬಿದ್ದಿತು. ಆ ದಿನವೇ ಆತ ಪ್ರಧಾನಿಯಾದನೆಂದು ಚೀನೀ ಇತಿಹಾಸ ಹೇಳುತ್ತದೆ.

1233ರಲ್ಲಿ ಕೈಫೆಂಗ್ ನಗರ ಸೋತಿತು. ಎದುರಿಸಿ ನಿಂತ ಊರನ್ನು ಕಡಿದುಹಾಕುವುದು ಮಂಗೋಲರ ಕಟ್ಟಳೆ. ಸೇನಾನಿ ಸುಬುತಾಯ್ ಅದಕ್ಕೇ ಅಪ್ಪಣೆ ಬೇಡಿದ್ದ. ಕುಶಲಕರ್ಮಿಗಳೂ ಸಿರಿವಂತರೂ ಅಲ್ಲೇ ನೆರೆದಿದ್ದಾರೆ, ಅವರನ್ನು ಕೊಂದರೆ ಗೆದ್ದುದಕ್ಕೆ ಫಲವೇನೆಂದು ಚುತ್ಸಾಯ್ ವಾದಿಸಿದ. ಆಗಲೂ ಲೆಕ್ಕವೇ! ಜಿನ್ ರಾಜವಂಶದವರ ಹೊರತು ಉಳಿದವರಿಗೆ ಪ್ರಾಣದಾನವಾಯಿತು. ಅಲ್ಲಿ ಆಶ್ರಯ ಪಡೆದಿದ್ದವರ ಸಂಖ್ಯೆ 14 ಲಕ್ಷಕ್ಕೂ ಮಿಗಿಲೆಂದು ದಾಖಲೆ. 1238ರ ಪರೀಕ್ಷೆಗಳಲ್ಲಿ 4,030 ಮಂದಿ ತೇರ್ಗಡೆಯಾದರು. ಅವರಲ್ಲಿ ಕಾಲುಭಾಗ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು.

ಆದರೂ ನನಗೊಂದು ಕಸಿವಿಸಿ. ಆತ ಒಪ್ಪಿಸಿದ ಬೆಳ್ಳಿ, ಧಾನ್ಯಗಳು ಮಂಗೋಲ್ ದಂಡನ್ನೇ ಸಾಕಿದುವು. 1234ರಲ್ಲಿ ಜಿನ್ ಅರಸೊತ್ತಿಗೆ ಆ ದಂಡಿನಿಂದಲೇ ಅಳಿಯಿತು. ತಂದೆ ತಾತಂದಿರು ಅನ್ನ ಉಂಡ ಮನೆ ಅದು. ಒಕ್ಕಲನ್ನು ಉಳಿಸಲು ಒಕ್ಕಲಿಗೆ ಬೆಲೆ ಕಟ್ಟಿದನಲ್ಲ, ಆ ಬೆಲೆಯನ್ನು ಇನ್ನೊಬ್ಬ ಏರಿಸಲಾರನೆ? ಏರಿಸಿದ. 1239ರಲ್ಲಿ ಅಬ್ದುರ್ ರಹಮಾನ್ ಎಂಬ ವರ್ತಕ, 11 ಲಕ್ಷ ಔನ್ಸಿಗೆ ಏರಿದ್ದ ಕಂದಾಯವನ್ನು 22 ಲಕ್ಷಕ್ಕೆ ಗುತ್ತಿಗೆ ಹಿಡಿದ. ಚುತ್ಸಾಯ್ ಏರುದನಿಯಲ್ಲಿ ವಾದಿಸಿ ಕಣ್ಣೀರಿಟ್ಟ; ಪ್ರಜೆಗಳಿಗಾಗಿ ಅಳುವೆಯಾ ಎಂದು ಖಾನ್ ಕೇಳಿದ, ಗುತ್ತಿಗೆಯನ್ನು ಮಾತ್ರ ನಿಲ್ಲಿಸಲಿಲ್ಲ.

ಒಗೊದಾಯ್ 1241ರಲ್ಲಿ ತೀರಿಕೊಂಡ. ಕುಡಿತ ಬಿಡಿಸಲೆಂದು ಚುತ್ಸಾಯ್ ಮದ್ಯದಿಂದ ಸವೆದ ಕಬ್ಬಿಣವನ್ನು ತೋರಿಸಿದ್ದನಂತೆ, ಅದೂ ಫಲಿಸಿರಲಿಲ್ಲ. ಬಳಿಕ ರಾಣಿ ತೊರೆಗೆನೆಯ ಆಡಳಿತದಲ್ಲಿ ಅವನ ಮಾತಿಗೆ ಬೆಲೆ ಉಳಿಯಲಿಲ್ಲ. 1244ರಲ್ಲಿ ಆತ ಮಡಿದ ಮೇಲೆ, ರಾಜ್ಯದ ಕಂದಾಯದ ಅರ್ಧಭಾಗ ಅವನ ಮನೆ ಸೇರಿದೆಯೆಂದು ಯಾರೋ ದೂರಿದರು. ರಾಣಿ ಶೋಧನೆಗೆ ಆಳನ್ನಟ್ಟಿದಳು. ಆತ ಹುಡುಕಿದ. ಸಿಕ್ಕಿದುದು ಹತ್ತು ಹನ್ನೆರಡು ತಂತಿವಾದ್ಯಗಳು, ಒಂದಷ್ಟು ಚಿತ್ರಪಟಗಳು, ಶಿಲಾಶಾಸನಗಳ ಪಡಿಯಚ್ಚುಗಳು, ಮತ್ತು ಕೆಲವು ಸಾವಿರ ಸುರುಳಿ ಪುಸ್ತಕ.