ಮರೆತವರ ಪಕ್ಕದಲ್ಲಿ ಕುಳಿತ ವೈದ್ಯ



ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಾವೆಲ್ಲರೂ ಆಡಿದ್ದೇವೆ. ಗದಗಿನಲ್ಲಾಗಲಿ, ಲಕ್ಷ್ಮೇಶ್ವರ, ಮುಂಡರಗಿಯಲ್ಲಾಗಲಿ, ಈಗಷ್ಟೇ ಉಂಡು ಎದ್ದ ಅಜ್ಜಿ ತನಗೆ ರೊಟ್ಟಿಯನ್ನೇ ಕೊಟ್ಟಿಲ್ಲವೆಂದು ನೆರೆಮನೆಯವರಿಗೆ ದೂರಿದಾಗ ಸೊಸೆಯ ಕಣ್ಣಲ್ಲಿ ನೀರಾಡುತ್ತದೆ. ಕೆಲವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಕೆಲವರು ಹುಚ್ಚೆಂದು ಮುಚ್ಚಿಡುತ್ತಾರೆ. ಹಿರಿಯರ ಪಾಪದ ಫಲವೆನ್ನುವವರೂ ಇದ್ದಾರೆ. ಇದು ಮಿದುಳಿಗೆ ತಗಲುವ ಕಾಯಿಲೆ ಎಂದು ತೋರಿಸಿಕೊಟ್ಟ ವೈದ್ಯರೊಬ್ಬರ ಬಾಳನ್ನು ಇಂದು ನೆನೆಯೋಣ.

ಆಲೋಯಿಸ್ ಆಲ್ಜೈಮರ್ 1864ರ ಜೂನ್ 14ರಂದು ಜರ್ಮನಿಯ ಮಾರ್ಕ್ಟ್‌ಬ್ರೈಟ್ ಊರಿನ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. ವೈದ್ಯಶಿಕ್ಷಣ ಮುಗಿಸಿ 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಸೇರಿದರು. ಹಗಲು ರೋಗಿಗಳೊಂದಿಗೆ ಕುಳಿತು ಮಾತನಾಡುವುದು, ಬಳಿಕ ಸೂಕ್ಷ್ಮದರ್ಶಕದ ಮುಂದೆ ಕೂರುವುದು ಅವರ ದಿನಚರಿ. ಸೆಸಿಲಿಯ ಎಂಬ ವಿಧವೆಯನ್ನು ಮದುವೆಯಾಗಿ ಮೂರು ಮಕ್ಕಳ ತಂದೆಯಾದರು. ಆದರೆ 1901ರಲ್ಲಿ ಪತ್ನಿ ತೀರಿಕೊಂಡರು. ಎಳೆಯ ಮಕ್ಕಳನ್ನು ಅವರ ಸಹೋದರಿ ನೋಡಿಕೊಂಡರು.

ಅದೇ ವರ್ಷ ನವೆಂಬರಿನಲ್ಲಿ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಆಸ್ಪತ್ರೆಗೆ ಕರೆತಂದರು. ಗಂಡನ ಹೆಸರೇನೆಂದು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಿದ್ದರು. ಹೂಕೋಸು, ಮಾಂಸ ಉಣ್ಣುತ್ತಿದ್ದಾಗ ಏನು ತಿನ್ನುತ್ತಿದ್ದೀರೆಂದು ಕೇಳಿದರೆ ಸೊಪ್ಪು ಎಂದರು. ತನ್ನ ಹೆಸರನ್ನು ಬರೆಯಲು ಹೊರಟು ನಡುವೆಯೇ ಮರೆತು ನಿಂತರು. ಪತ್ನಿಯನ್ನು ಕಳೆದುಕೊಂಡ ನೋವಿನಲ್ಲಿದ್ದ ವೈದ್ಯರು ದಿನದಿನವೂ ಆಕೆಯ ಬಳಿ ಕುಳಿತು, ತಾಳ್ಮೆಯಿಂದ ಕೇಳಿ, ಎಲ್ಲವನ್ನೂ ಬರೆದಿಟ್ಟರು.

1903ರಲ್ಲಿ ಅವರು ಮ್ಯೂನಿಕ್‌ಗೆ ಹೋದರೂ ಆಕೆಯನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡು ಪರೀಕ್ಷಿಸಿದರು. ಮಿದುಳು ಕುಗ್ಗಿತ್ತು. ನರಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು, ಹೊರಗೆ ಗಟ್ಟಿಯಾದ ಕಲೆಗಳು ಕಂಡವು. ನವೆಂಬರ್ 3ರಂದು ಟ್ಯೂಬಿಂಗೆನ್ ಸಭೆಯಲ್ಲಿ ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಕ್ರೇಪೆಲಿನ್ ತಮ್ಮ ಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಜೈಮರ್ ಹೆಸರನ್ನಿಟ್ಟರು. 1915ರ ಡಿಸೆಂಬರ್ 19ರಂದು, 51ನೇ ವಯಸ್ಸಿನಲ್ಲೇ, ಆಲ್ಜೈಮರ್ ನಿಧನರಾದರು. ಫ್ರಾಂಕ್‌ಫರ್ಟ್‌ನಲ್ಲಿ ಪತ್ನಿಯ ಪಕ್ಕದಲ್ಲೇ ಅವರ ಸಮಾಧಿ ಇದೆ.

ಅವರು ಕಂಡ ಕಲೆಗಳು ಏನೆಂದು ತಿಳಿಯಲು ಇನ್ನೂ ಹಲವು ದಶಕಗಳು ಬೇಕಾದವು. ಹೊರಗಿನ ಕಲೆಗಳು ಅಮಿಲಾಯ್ಡ್ ಎಂಬ ಪ್ರೋಟೀನ್ ಚೂರುಗಳ ರಾಶಿ. ಒಳಗಿನ ಸಿಕ್ಕುಗಳು ಟೌ ಎಂಬ ಪ್ರೋಟೀನಿನವು. ಅಮಿಲಾಯ್ಡ್ ಎಲ್ಲರ ಮಿದುಳಿನಲ್ಲೂ ಹುಟ್ಟುತ್ತದೆ, ಹೊರಕ್ಕೂ ಹೋಗುತ್ತದೆ. ಮನೆಯ ಕಸ ದಿನವೂ ಗುಡಿಸಿದರೆ ತೊಂದರೆಯಿಲ್ಲ. ಕಸ ಹೆಚ್ಚಾದರೆ ಅಥವಾ ಗುಡಿಸುವುದು ನಿಧಾನವಾದರೆ ಅದು ಮೂಲೆ ಸೇರುತ್ತದೆ. ಇದೂ ಹಾಗೆಯೇ.

ತಂದೆತಾಯಿಗಳಿಂದ ಬರುವ ವಂಶವಾಹಿಗಳಿಗೆ ಇದರಲ್ಲಿ ಪಾಲಿದೆ. ಅಮಿಲಾಯ್ಡ್‌ನ ಮೂಲವಾದ ವಂಶವಾಹಿ 21ನೇ ವರ್ಣತಂತುವಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ವರ್ಣತಂತು ಮೂರು ಇರುವುದರಿಂದ ಅವರಲ್ಲಿ ಕಲೆಗಳು ಬೇಗ ಕಾಣಿಸಿಕೊಳ್ಳುತ್ತವೆ. ಅತಿ ವಿರಳವಾದ ಕೆಲವು ಕುಟುಂಬಗಳಲ್ಲಿ ಒಂದೇ ವಂಶವಾಹಿಯ ದೋಷದಿಂದ ಚಿಕ್ಕ ವಯಸ್ಸಿಗೇ ಕಾಯಿಲೆ ಬರುತ್ತದೆ. ಹೆಚ್ಚು ಜನರಲ್ಲಿರುವುದು ಎಪಿಒಇ-4 ಎಂಬ ರೂಪ. 1993ರಲ್ಲಿ ಇದರ ಪಾತ್ರ ತಿಳಿದುಬಂತು. ಇದು ಅಮಿಲಾಯ್ಡ್ ಗುಡಿಸುವ ಕೆಲಸವನ್ನು ನಿಧಾನಗೊಳಿಸುತ್ತದೆ. ತಂದೆ ಅಥವಾ ತಾಯಿ ಒಬ್ಬರಿಂದ ಬಂದರೆ ಅಪಾಯ ಸುಮಾರು ಮೂರು ಪಟ್ಟು, ಇಬ್ಬರಿಂದಲೂ ಬಂದರೆ ಎಂಟು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಬಹುದು. ಆದರೂ ಇದು ಹಣೆಬರಹವಲ್ಲ. ಇದು ಇದ್ದೂ ನೆನಪು ಕೆಡದವರಿದ್ದಾರೆ, ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಧೂಮಪಾನ ಬಿಡುವುದು, ನಡೆದಾಡುವುದು ನಮ್ಮ ಕೈಯಲ್ಲೇ ಇವೆ.

ಆದ್ದರಿಂದ ಅಜ್ಜಿಗೆ ಮರೆವು ಬಂತೆಂದು ಮೊಮ್ಮಗಳ ಮದುವೆ ಮಾತುಕತೆಯಲ್ಲಿ ಅಂಜಬೇಕಾಗಿಲ್ಲ, ಅಜ್ಜಿಯನ್ನು ಒಳಕೋಣೆಯಲ್ಲಿ ಅಡಗಿಸಬೇಕಾಗಿಯೂ ಇಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದು ಯೇಸುಸ್ವಾಮಿ ಸ್ಪಷ್ಟಪಡಿಸಿದರು. ಆ ಉತ್ತರ ನಮ್ಮ ಮನೆಗಳಿಗೂ ಸಲ್ಲುತ್ತದೆ. ಮರೆವು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಿಲ್ಲ. ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ, ಆದರೆ ನೆರವಂತೂ ಸಿಗುತ್ತದೆ.

ಇಂದು ಸಂಜೆ ಜಪಸರಕ್ಕೆ ಕೂರುವಾಗ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಹೆಸರನ್ನು ಅವರು ಮರೆತಿರಬಹುದು. ಅವರ ಹೆಸರು ನಿಮಗೆ ನೆನಪಿದೆಯಲ್ಲ. ಅದನ್ನು ಪ್ರೀತಿಯಿಂದ ಕರೆಯಿರಿ.